ಬೋರ್ಡಣ್ಣ ಹಾಕದ ರುಜು

"ಒಂದು ರುಜು ತಾನೆ, ಹಾಕಿಬಿಡಿ" ಎಂಬ ಮಾತು ಕೇಳಿಬರದ ಬೀದಿ ಯಾವುದಿದೆ ಹೇಳಿ? ಒಂದು ಸೋಮವಾರ ಆ ಮಾತು ಬೋರ್ಡಣ್ಣನ ಮನೆ ಬಾಗಿಲಿಗೂ ಬಂತು. ಕೆಟ್ಟವರ ಬಾಯಿಂದ ಬಂದಿದ್ದರೆ ಚಿಂತೆ ಇರಲಿಲ್ಲ. "ಹೋಗಯ್ಯಾ, ನಿನ್ನ ದಾರಿ ನೋಡ್ಕೋ" ಎಂದು ಏಣಿ ಹೆಗಲಿಗೇರಿಸಿ ಅವನು ಕೆಲಸಕ್ಕೆ ಹೊರಟುಬಿಡುತ್ತಿದ್ದ. ಕೇಳಿದವರು ಎದುರು ಬದಿಯ ಬೇಕರಿ ಯಜಮಾನರು. ಅವರು ಕೇಳಿದರೆ ಬೋರ್ಡಣ್ಣ ಪ್ರಾಣ ಬೇಕಾದರೂ ಕೊಟ್ಟಾನು.

ಬೋರ್ಡಣ್ಣ ಎಂದರೆ ಅಂಗಡಿಗಳಿಗೆ ಬೋರ್ಡು ಬರೆಯುವವನು. ಈಗೆಲ್ಲ ಪ್ರಿಂಟು ಹೊಡೆಸಿ ನೇತುಹಾಕುವ ಕಾಲ. ಆದರೂ ಕೈಯಲ್ಲೇ ಬರೆಸಬೇಕು ಎನ್ನುವ ಹಳೇ ಗಿರಾಕಿಗಳು ಅವನನ್ನು ಬಿಟ್ಟಿರಲಿಲ್ಲ. ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ತಗಡು, ಬಣ್ಣದ ಡಬ್ಬಿ, ಸೀಮೆಸುಣ್ಣ, ಸೀಮೆಎಣ್ಣೆಯಲ್ಲಿ ನೆನೆಹಾಕಿದ ಕುಂಚ, ಎಲ್ಲ ಅಲ್ಲೇ. ಹಿಂದಿನ ಎರಡು ಕೋಣೆಯಲ್ಲಿ ಸಂಸಾರ. ಹೆಂಡತಿ ಮುಂದಿನ ಕೋಣೆಯ ಬೀದಿ ಕಿಟಕಿ ಪಕ್ಕ ಮೇಜು ಹಾಕಿಕೊಂಡು ಬೀದಿಯವರ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಈ ಮೂರು ಕೋಣೆಗೆ ಗಂಡ ಹೆಂಡತಿ ಹನ್ನೆರಡು ವರ್ಷ ಕಂತು ಕಟ್ಟಿದ್ದರು. ಹೋದ ವರ್ಷವಷ್ಟೇ ಕೊನೇ ಕಂತು ಮುಗಿದು ಮನೆಪತ್ರ ಕೈಗೆ ಬಂದಿತ್ತು. ಅವಳು ಅದನ್ನು ದಿಂಬಿನ ಚೀಲದಲ್ಲಿ ಸುತ್ತಿ ಬೀರುವಿನ ತಳದಲ್ಲಿಟ್ಟು, ವಾರಕ್ಕೊಮ್ಮೆ ಮುಟ್ಟಿ ನೋಡಿ ಬರುತ್ತಿದ್ದಳು.

ಇನ್ನು ಯಜಮಾನರ ವಿಷಯ. ಒಂಬತ್ತು ವರ್ಷದ ಹಿಂದೆ ಬೋರ್ಡಣ್ಣ ಏಣಿಯಿಂದ ಬಿದ್ದು ಬಲಗೈ ಎರಡು ಕಡೆ ಮುರಿದುಕೊಂಡ. ಎಂಟು ತಿಂಗಳು ಕುಂಚ ಹಿಡಿಯಲಿಲ್ಲ. ಆ ಎಂಟು ತಿಂಗಳೂ ದಿನಾ ಬೆಳಿಗ್ಗೆ ಬಾಗಿಲ ಮುಂದೆ ಒಂದು ಬ್ರೆಡ್ಡು, ಒಂದು ಹಾಲಿನ ಪ್ಯಾಕೆಟ್ಟು ಬಂದು ಕೂತಿರುತ್ತಿದ್ದವು. ಯಾರು ಇಟ್ಟರು ಎಂದು ಕೇಳುವ ಹಾಗಿಲ್ಲ, ಬ್ರೆಡ್ಡಿನ ಮೇಲೆ ಬೇಕರಿ ಚೀಟಿಯೇ ಇತ್ತು. ಕೈ ಸರಿಹೋದ ಮೇಲೂ ನಡುಗುತ್ತಿತ್ತು. ಯಾರೂ ಕೆಲಸ ಕೊಡದಿದ್ದಾಗ ಮೊದಲ ಬೋರ್ಡು ಬರೆಸಿದವರೂ ಯಜಮಾನರೇ. ಇದನ್ನೆಲ್ಲ ಮರೆತರೆ ಮನುಷ್ಯ ಅನ್ನಿಸಿಕೊಳ್ಳುತ್ತಾನೆಯೇ?

ಈಗ ಯಜಮಾನರಿಗೆ ದೊಡ್ಡ ಒಲೆ ಬೇಕಾಗಿತ್ತು, ಕರೆಂಟಿನ ಒಲೆ, ಒಂದು ಸಲಕ್ಕೆ ಇನ್ನೂರು ಬ್ರೆಡ್ಡು ಬೇಯುವಂಥದ್ದು. ಹಣಕಾಸು ಸಂಸ್ಥೆಯವರು ಸಾಲ ಕೊಡುತ್ತೇವೆ ಎಂದಿದ್ದರು. ಜಾಮೀನಿಗೆ ಒಬ್ಬರ ರುಜು ಬೇಕು ಎಂದಿದ್ದರು. ಯಜಮಾನರು ಫಾರಮ್ಮನ್ನು ಬೋರ್ಡಣ್ಣನ ಕೈಗಿಟ್ಟು, "ನೋಡಿಕೊಂಡು ಒಂದು ರುಜು ಹಾಕಿಡಪ್ಪ. ಬುಧವಾರ ಸಂಜೆ ಐದಕ್ಕೆ ಬಂದು ತಗೊಂಡು ಹೋಗ್ತೀನಿ" ಎಂದು ಹೇಳಿ ಹೋದರು.

ಬುಧವಾರ ಮಧ್ಯಾಹ್ನ ಬೋರ್ಡಣ್ಣ ರದ್ದಿ ಕಾಗದದ ಮೇಲೆ ತನ್ನ ರುಜುವನ್ನೇ ತಿದ್ದುತ್ತ ಕೂತಿದ್ದ. ಆಗ ಅಂಚೆಯಮ್ಮ ಸೈಕಲ್ಲು ಗೋಡೆಗೆ ಒರಗಿಸಿ ಒಳಗೆ ಬಂದಳು. ಇವಳು ಅವನ ಹೆಂಡತಿಯ ತಂಗಿ. ಹದಿನೆಂಟು ವರ್ಷದಿಂದ ಇದೇ ಬಡಾವಣೆಗೆ ಟಪಾಲು ಹಂಚುವವಳು. ಇಂಥವಳು ಬೀದಿಗೊಬ್ಬಳಿದ್ದರೆ ಸಾಕು, ಅರ್ಧ ಕಷ್ಟ ಮನೆ ಹೊಗುವುದಿಲ್ಲ. ಓದಲು ಬಾರದವರಿಗೆ ಕಾಗದ ಓದಿ ಹೇಳುತ್ತಾಳೆ, ಕಣ್ಣು ಮಂಜಾದವರಿಗೆ ಫಾರಮ್ಮು ತುಂಬಿಕೊಡುತ್ತಾಳೆ. ಒಬ್ಬರ ಮನೆಯ ಸುದ್ದಿ ಇನ್ನೊಬ್ಬರ ಮನೆಯಲ್ಲಿ ಅಪ್ಪಿತಪ್ಪಿಯೂ ಬಾಯಿ ಬಿಡುವುದಿಲ್ಲ. ಊಟದ ಹೊತ್ತಿನ ಅರ್ಧ ಗಂಟೆ ಅಕ್ಕನ ಮನೆಯಲ್ಲಿ ಕೂತು, ಭಾವನನ್ನು ಗೋಳು ಹೊಯ್ದುಕೊಂಡು ಹೋಗುವುದು ಅವಳ ದಿನಚರಿ.

"ಏನು ಭಾವ, ಇಷ್ಟು ಭಕ್ತಿಯಿಂದ ಯಾರ ಹೆಸರು ಬರೀತಾ ಇದೀರಿ?"

"ನನ್ನದೇ ಕಣಮ್ಮ. ಮೂವತ್ತು ವರ್ಷ ಕಂಡವರ ಹೆಸರೆಲ್ಲ ಬರೆದೆ. ನನ್ನ ಹೆಸರು ಬರೆಯೋ ಯೋಗ ಈಗ ಬಂದಿದೆ. ಅದಕ್ಕೇ ಒಂಚೂರು ಅಭ್ಯಾಸ."

ಹೆಂಡತಿ ಇಸ್ತ್ರಿ ಪೆಟ್ಟಿಗೆಯನ್ನು ಠಕ್ಕೆಂದು ಇಟ್ಟಳು. "ನೀನಾದ್ರೂ ಹೇಳೇ. ನನ್ನ ಮಾತು ಇವರ ಕಿವಿಗೆ ಇಳೀತಿಲ್ಲ. ಎರಡು ದಿನದಿಂದ ನನಗೆ ಊಟ ಸೇರ್ತಿಲ್ಲ."

ಅಂಚೆಯಮ್ಮ ಫಾರಮ್ಮು ತೆಗೆದುಕೊಂಡು, ಕನ್ನಡಕ ಏರಿಸಿ, ಮೊದಲ ಅಕ್ಷರದಿಂದ ಕೊನೇ ಅಕ್ಷರದವರೆಗೆ ಓದಿದಳು. ಅಷ್ಟು ಹೊತ್ತೂ ಬಾಯಿ ಬಿಡಲಿಲ್ಲ. ಇದು ಅವಳ ಸ್ವಭಾವವೇ ಅಲ್ಲ.

"ನೀವು ಓದಿದ್ರಾ ಭಾವ?"

"ಓದೋದೇನು, ನೋಡಿದೆ. ಎಷ್ಟು ಚೆಂದ ಹೊಡೆದಿದಾರೆ ನೋಡು! ತಲೆಬರಹ ನೋಡು, ಅಕ್ಷರಕ್ಕೂ ಅಕ್ಷರಕ್ಕೂ ಬಿಟ್ಟಿರೋ ಜಾಗ ನೋಡು. ಇಂಥ ಕೈ ನಮ್ಮ ಊರಲ್ಲಿ ಯಾರಿಗಿದೆ?"

"ಕೆಳಗಡೆ ಇರುವೆ ಸಾಲಿನ ಥರ ಬರೆದಿದಾರಲ್ಲ, ಅದು?"

"ಅದನ್ನ ಯಾರು ಓದ್ತಾರೆ? ಮುಖ್ಯವಾದದ್ದನ್ನ ಯಾರಾದ್ರೂ ಸಣ್ಣಗೆ ಬರೀತಾರಾ?"

ನಗಬೇಡಿ. ಬೋರ್ಡು ಬರೆಯುವವನ ಲೋಕದಲ್ಲಿ ಅದು ಅಕ್ಷರಶಃ ಸತ್ಯ. ಅಂಗಡಿಯವನಿಗೆ ಏನು ಮುಖ್ಯವೋ ಅದು ಎಲ್ಲಕ್ಕಿಂತ ದೊಡ್ಡದು. ಬೀದಿಯ ಆಚೆ ಬದಿಯಿಂದ ಓದಲು ಬಾರದ್ದನ್ನು ಬರೆಯುವುದೇ ದಂಡ. ಬೋರ್ಡಿನ ಕೆಳಮೂಲೆಯಲ್ಲಿ ಸಣ್ಣಗೆ ಇರುವುದು ಬರೆದವನ ಫೋನ್ ನಂಬರು ಮಾತ್ರ. ಈ ಫಾರಮ್ಮಿನ ಸಣ್ಣ ಅಕ್ಷರಗಳೂ ಪ್ರಿಂಟು ಹೊಡೆದವನ ವಿಳಾಸವೇ ಇರಬೇಕು ಎಂದು ಅವನು ಪ್ರಾಮಾಣಿಕವಾಗಿ ತಿಳಿದಿದ್ದ.

"ನೋಡಮ್ಮ," ಎಂದ, "ಸಾಲ ತಗೊಳ್ಳೋನು ನಾನಲ್ಲ. ಯಜಮಾನರು ತಗೊಳ್ತಾರೆ, ಯಜಮಾನರು ಕಟ್ತಾರೆ. ನನ್ನದು ಋಣ. ಉಪ್ಪುಂಡ ಮನೆಗೆ ಎರಡು ಬಗೆಯಬಾರದು."

"ಸರಿ. ಆ ಮೂಲೇಲಿ ನಿಂತಿರೋ ಏಣಿ ಯಾರದು?"

"ಬಡಗೀದು. ನನ್ನದು ಮೆಟ್ಟಿಲು ಮುರಿದಿದೆ. ನಾಳೆ ವಾಪಸ್ಸು ಕೊಡ್ತೀನಿ."

"ಅದು ಎರವಲು. ಅದೇ ಏಣಿ ಹಿಂದಕ್ಕೆ ಹೋದ್ರೆ ಮುಗೀತು. ಅಕ್ಕ ಬೆಳಿಗ್ಗೆ ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತಂದಳಲ್ಲ?"

"ಅದು ಕಡ," ಎಂದಳು ಅಕ್ಕ. "ಅದೇ ಸಕ್ಕರೆ ಕೊಡಕ್ಕಾಗಲ್ಲ, ಅಷ್ಟೇ ಸಕ್ಕರೆ ಕೊಡ್ತೀನಿ."

"ಹೊಸ ಬೋರ್ಡಿಗೆ ಅಂತ ಔಷಧಿ ಅಂಗಡಿಯೋರು ಕೈಗೆ ಕೊಟ್ಟಿದಾರಲ್ಲ?"

"ಮುಂಗಡ," ಎಂದ ಬೋರ್ಡಣ್ಣ. "ಅದನ್ನ ಕೆಲಸ ಮಾಡಿ ತೀರಿಸ್ಬೇಕು."

"ಹಳೇ ಬೋರ್ಡಿಗೆ ಕಿರಾಣಿ ಅಂಗಡಿಯೋರು ಇನ್ನೂ ಕೊಡದೆ ಇರೋದು?"

"ಬಾಕಿ! ಮೂರು ತಿಂಗಳಾಯ್ತು, ಹೋದಾಗಲೆಲ್ಲ ನಾಳೆ ಬಾ ಅಂತಾರೆ, ಅವರ ಮನೆ ಹಾಳಾಗ!"

"ಬಯ್ಯೋದು ಆಮೇಲೆ. ಈ ಮನೆಗೆ ಹನ್ನೆರಡು ವರ್ಷ ಕಟ್ಟಿದ್ದು?"

ಅದಕ್ಕೆ ಹೆಂಡತಿ ಉತ್ತರ ಕೊಟ್ಟಳು. "ಅದು ಸಾಲ. ಬಡ್ಡಿ ಇತ್ತು, ಕಂತು ಇತ್ತು, ತಾರೀಖು ಇತ್ತು. ತಾರೀಖು ಹತ್ರ ಬಂದ್ರೆ ನನ್ನ ಎದೆ ಹೊಡ್ಕೊಳ್ತಿತ್ತು."

"ಯಜಮಾನರ ಬ್ರೆಡ್ಡು?"

ಬೋರ್ಡಣ್ಣ ಪೆನ್ನು ಕೆಳಗಿಟ್ಟ. "ಅದಕ್ಕೆ ಬಡ್ಡಿ ಇಲ್ಲ, ತಾರೀಖಿಲ್ಲ. ಅವರು ಎಲ್ಲೂ ಬರೆದಿಟ್ಟಿಲ್ಲ. ಅದು ಋಣ."

"ಎಷ್ಟು ಚೆನ್ನಾಗಿ ಗೊತ್ತು ನಿಮಗೆ! ಏಣಿ ಕೇಳಿದವರಿಗೆ ಸಕ್ಕರೆ ಕೊಡಲ್ಲ ನೀವು. ಮತ್ತೆ ಈ ಕಾಗದ ಏನು?"

"ಋಣ ತೀರಿಸೋ ದಾರಿ."

"ಅಲ್ಲ ಭಾವ. ಇದು ಜಾಮೀನು. ಇನ್ನೊಬ್ಬರ ಸಾಲಕ್ಕೆ ನಿಮ್ಮ ಕತ್ತು. ಅವರು ಕಟ್ಟಿದ್ರೆ ನಿಮ್ಮನ್ನ ಯಾರೂ ಕೇಳಲ್ಲ. ಅವರ ಕೈಲಿ ಆಗದೆ ಹೋದ್ರೆ ಆ ಸಾಲ ಪೂರ್ತಿ ನಿಮ್ಮದು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಾರಲ್ಲ, ಆ ಎಮ್ಮೆ ನೀವು."

"ಬಿಡಮ್ಮ. ಯಜಮಾನರಂಥ ಪ್ರಾಮಾಣಿಕರು ಸಾಲ ಕಟ್ಟಲ್ವಾ?"

"ಪ್ರಾಮಾಣಿಕರಿಗೆ ಕಾಯಿಲೆ ಬರಲ್ವಾ? ನೀವು ಏಣಿಯಿಂದ ಬಿದ್ದಿರಲ್ಲ, ಮೋಸಗಾರ ಅಂತ ಬಿದ್ದಿರಾ?"

ಬೋರ್ಡಣ್ಣ ತನ್ನ ಬಲಗೈ ನೋಡಿಕೊಂಡ. ಅಂಚೆಯಮ್ಮ ದನಿ ತಗ್ಗಿಸಿದಳು. "ಹದಿನೆಂಟು ವರ್ಷದಿಂದ ರಿಜಿಸ್ಟರ್ ಕಾಗದ ಹಂಚ್ತಿದೀನಿ. ಯಾರ ಹೆಸರೂ ಹೇಳಲ್ಲ. ಮೊದಲು ಸಾಲಗಾರರ ಮನೆಗೆ ನೋಟೀಸು ಬರುತ್ತೆ. ಆಮೇಲೆ ಜಾಮೀನು ಹಾಕಿದವರ ಮನೆಗೆ. ಅವರೆಲ್ಲ ಒಂದೇ ಮಾತು ಹೇಳ್ತಾರೆ ಭಾವ. 'ನಾನು ಸಾಲಾನೇ ತಗೊಂಡಿಲ್ಲವಲ್ಲಮ್ಮ, ವಿಳಾಸ ತಪ್ಪಾಗಿರಬೇಕು' ಅಂತಾರೆ. ವಿಳಾಸ ಸರಿಯಾಗೇ ಇರುತ್ತೆ. ಆ ಮುಖ ನೋಡಕ್ಕಾಗಲ್ಲ ನನಗೆ. ನಿಮ್ಮ ಮನೆಗೆ ಅಂಥದ್ದೊಂದು ತರೋಕೆ ನನ್ನ ಕೈಲಿ ಆಗಲ್ಲ."

"ಬೇಡ ಅಂದ್ರೆ ಅವರು ಏನು ಅಂದ್ಕೊಳ್ತಾರೆ? ತಿಂದಿದ್ದು ಮರೆತ ಅಂದ್ಕೊಳ್ಳಲ್ವಾ?"

"ತಗೊಂಡವನು ನೆನಪಿಟ್ಕೊಂಡ್ರೆ ಅದು ಋಣ. ಕೊಟ್ಟವನು ನೆನಪಿಸಿದ್ರೆ ಅದು ಹಂಗು. ಯಜಮಾನರು ನಿಮ್ಮನ್ನ ಹಂಗಲ್ಲಿ ಇಟ್ಟಿದಾರೋ ಇಲ್ವೋ, ಕೇಳಿ ನೋಡಿ, ಗೊತ್ತಾಗುತ್ತೆ."

ಬೋರ್ಡಣ್ಣ ತಲೆ ಕೆರೆದುಕೊಂಡ. ಒಪ್ಪಲೂ ಇಲ್ಲ, ಬಿಡಲೂ ಇಲ್ಲ. ಹೆಂಡತಿ ತಂಗಿಯ ಮುಖ ನೋಡಿದಳು. ಅಂಚೆಯಮ್ಮ ಚೀಲದಿಂದ ಒಂದು ನಾಣ್ಯ ತೆಗೆದು ಬಣ್ಣದ ಡಬ್ಬಿಯ ಮುಚ್ಚಳದ ಮೇಲಿಟ್ಟಳು.

"ತಗೊಳ್ಳಿ, ಮುಂಗಡ. ಒಂದು ಬೋರ್ಡು ಬೇಕು. ಈ ಫಾರಮ್ಮಿನ ಏಳನೇ ನಂಬರು, ಅದಷ್ಟೇ. ಒಂದಕ್ಷರ ಬಿಡದ ಹಾಗೆ, ಬೀದಿಯ ಆಚೆಯಿಂದ ಓದೋ ಹಾಗೆ."

"ಏನಿದು ಹುಡುಗಾಟ?"

"ಮುಂಗಡ ಕೊಟ್ಟ ಗಿರಾಕಿನ ಹಂಗೆಲ್ಲ ಮಾತಾಡಿಸಬಾರದು" ಎಂದವಳೇ ಸೈಕಲ್ಲು ಹತ್ತಿ ಹೊರಟಳು.

ಮುಂಗಡ ಬಂದ ಮೇಲೆ ಬೋರ್ಡು ಬರೆಯದೆ ಇರುವುದು ಬೋರ್ಡಣ್ಣನ ಜನ್ಮದಲ್ಲೇ ಇಲ್ಲ. ಗೊಣಗುತ್ತಲೇ ಹಳೇ ತಗಡು ಎಳೆದುಕೊಂಡ. ಅಕ್ಷರ ಎಣಿಸಿದ, ಅಳತೆ ಹಾಕಿದ, ಸೀಮೆಸುಣ್ಣದಲ್ಲಿ ಗೆರೆ ಎಳೆದ. ಏಳನೇ ನಂಬರು ಒಂದು ತಗಡಿಗೆ ಹಿಡಿಯಲಿಲ್ಲ. ಎರಡನೇದು ತಂದ. ಮೂರನೇದೂ ಬೇಕಾಯಿತು. "ಇಷ್ಟುದ್ದದ ಮಾತನ್ನ ಉಗುರಿನಷ್ಟು ಜಾಗಕ್ಕೆ ತುರುಕಿದಾರಲ್ಲ, ಇವರೆಂಥ ಕೆಲಸಗಾರರು!" ಎಂದು ಹೆಂಡತಿಗೆ ಕೇಳುವಂತೆ ಬಯ್ದುಕೊಂಡ. ಬರೆಯುವಾಗ ಅವನು ಓದುವುದಿಲ್ಲ. ಸುತ್ತು, ಕೊಂಬು, ಒತ್ತು, ದೀರ್ಘ, ಅಷ್ಟೇ ಅವನ ಕಣ್ಣಿಗೆ ಕಾಣುವುದು. ಮೂರು ಗಂಟೆ ಕೂತು ಬರೆದ. ಮೂರೂ ತಗಡನ್ನು ಮನೆಯ ಹೊರಗೋಡೆಗೆ ಒಂದರ ಪಕ್ಕ ಒಂದು ಒರಗಿಸಿದ. ಆಮೇಲೆ ಯಾವ ಬೋರ್ಡಿಗಾದರೂ ಮಾಡುವಂತೆ ಬೀದಿ ದಾಟಿ, ಆಚೆ ಬದಿಗೆ ನಿಂತು, ತಿರುಗಿ ನೋಡಿದ.

"ಸಾಲಗಾರರು ಮರುಪಾವತಿಗೆ ತಪ್ಪಿದಲ್ಲಿ ಅಸಲು, ಬಡ್ಡಿ ಮತ್ತು ಇತರ ವೆಚ್ಚಗಳ ಪೂರ್ಣ ಮೊತ್ತವನ್ನು ಜಾಮೀನುದಾರರಿಂದ, ಅವರ ವಾಸದ ಮನೆಯೂ ಸೇರಿದಂತೆ ಸಕಲ ಸ್ವತ್ತಿನಿಂದ, ವಸೂಲು ಮಾಡುವ ಹಕ್ಕು ಸಂಸ್ಥೆಗೆ ಇರುತ್ತದೆ."

ಅವರ ವಾಸದ ಮನೆ. ಆ ಮಾತಿನ ಹಿಂದೆ ಅವನ ಮನೆಯೇ ನಿಂತಿತ್ತು. ತಗಡು ಒರಗಿದ ಗೋಡೆ, ಅದರ ಮೇಲಿನ ಕಿಟಕಿ, ಕಿಟಕಿಯೊಳಗೆ ಯಾರದೋ ಅಂಗಿ ಇಸ್ತ್ರಿ ಮಾಡುತ್ತಿದ್ದ ಹೆಂಡತಿ. ಅವಳು ಹನ್ನೆರಡು ವರ್ಷ ಹೀಗೇ ನಿಂತು, ಊರವರ ಬಟ್ಟೆಯ ಸುಕ್ಕು ತೆಗೆದು ಕಂತು ಕಟ್ಟಿದ್ದಳು. ಅವಳ ಮಾತಿಗೆ ಕಿವಿಗೊಡದೆ ಆ ಮನೆಯನ್ನು ಪಣಕ್ಕಿಡಲು ತಾನು ಎರಡು ದಿನದಿಂದ ರುಜು ತಿದ್ದುತ್ತಿದ್ದನಲ್ಲ! ಬೋರ್ಡಣ್ಣನಿಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು.

"ಏನಪ್ಪ ಇದು?"

ಪಕ್ಕದಲ್ಲೇ ಬೇಕರಿ ಯಜಮಾನರು ನಿಂತಿದ್ದರು. ಗಂಟೆ ಐದಾಗಿತ್ತು. ಅವರ ಕಣ್ಣು ಬೋರ್ಡಿನ ಮೇಲಿತ್ತು. ದಾರಿಹೋಕರು ಇಬ್ಬರು ಮೂವರು ನಿಂತು ಓದುತ್ತಿದ್ದರು.

"ನನ್ನ ಮೇಲೆ ನಂಬಿಕೆ ಇಲ್ಲ ಅಂತ ಬೀದೀಲಿ ಬೋರ್ಡು ಹಾಕಿದೀಯಾ?"

"ಅಯ್ಯೋ, ಹಂಗಲ್ಲ ಯಜಮಾನ್ರೇ. ಓದಕ್ಕೆ ಅಂತ ಬರೆದೆ. ನಾನು..." ಬೋರ್ಡಣ್ಣ ಮನೆ ಕಡೆ ನೋಡಿದ. ಕಿಟಕಿಯಲ್ಲಿ ಹೆಂಡತಿ ಇಸ್ತ್ರಿ ನಿಲ್ಲಿಸಿ ಇತ್ತಲೇ ನೋಡುತ್ತಿದ್ದಳು. "ನಾನು ರುಜು ಹಾಕಲ್ಲ ಯಜಮಾನ್ರೇ. ಬೇರೆ ಏನು ಬೇಕಾದ್ರೂ ಕೇಳಿ. ನನ್ನ ಕೈ ಕೇಳಿ, ಕೊಡ್ತೀನಿ. ಇದೊಂದು ಆಗಲ್ಲ."

ಯಜಮಾನರ ಮುಖ ಕೆಂಪಗಾಯಿತು. "ಆವತ್ತು ಎಂಟು ತಿಂಗಳು ನಾನು..." ಎಂದು ಶುರುಮಾಡಿದರು.

ಶುರುಮಾಡಿದವರು ಅಲ್ಲಿಗೇ ನಿಲ್ಲಿಸಿದರು. ತಮ್ಮ ಬಾಯಿಂದ ಬಂದ ಮಾತು ತಮಗೇ ಸೇರದವರಂತೆ ತುಟಿ ಕಚ್ಚಿಕೊಂಡರು. ಒಂಬತ್ತು ವರ್ಷದಲ್ಲಿ ಒಂದು ದಿನ ಅವರು ಅದನ್ನು ಎತ್ತಿ ಆಡಿದವರಲ್ಲ. ಬೀದಿ ದಾಟಿ ಬೋರ್ಡಿನ ಹತ್ತಿರ ಹೋದರು. ಬೆರಳು ಇಟ್ಟು, ಒಂದೊಂದೇ ಪದ ಓದಿದರು. ಹಸಿ ಬಣ್ಣ ಬೆರಳಿಗೆ ಹತ್ತಿತು.

"ಇದು ಆ ಫಾರಮ್ಮಲ್ಲಿ ಇದೆಯಾ?"

"ಏಳನೇ ನಂಬರು. ಸಣ್ಣ ಅಕ್ಷರ."

"ನಾನೂ ಓದಲಿಲ್ಲ ಕಣಪ್ಪ. ಬರೀ ಒಂದು ರುಜು ಅಂದ್ರು, ನಂಬಿದೆ." ಯಜಮಾನರು ಕಿಟಕಿಯ ಕಡೆ ನೋಡಿದರು. "ನನ್ನ ಒಲೆ ಆರಿದ್ರೆ ಈ ತಾಯಿಯ ಸೂರು ಹೋಗ್ಬೇಕಾ? ಥೂ, ಇಂಥ ಬ್ರೆಡ್ಡು ಯಾರು ತಿಂತಾರೆ? ಕೊಡು ಆ ಫಾರಮ್ಮು."

ಹೆಂಡತಿಯೇ ಫಾರಮ್ಮು ತಂದುಕೊಟ್ಟಳು. ಅವಳ ಕಣ್ಣಲ್ಲಿ ನೀರಿತ್ತು. "ತಪ್ಪು ತಿಳ್ಕೋಬೇಡಿ" ಎಂದಳು. "ತಪ್ಪು ಕೇಳಿದ್ದೇ ನಾನಮ್ಮ" ಎಂದರು ಯಜಮಾನರು. ದೊಡ್ಡ ಮನುಷ್ಯರು ಎಂದರೆ ಹೀಗಿರಬೇಕು ನೋಡಿ. ಹಿಟ್ಟಿನ ಕೈಯಲ್ಲಿ ನಿಂತುಕೊಂಡು, ಬೀದಿಯ ನಡುವೆ ತಪ್ಪು ಒಪ್ಪಿಕೊಳ್ಳುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ.

ಮಾರನೇ ದಿನ ಅಂಚೆಯಮ್ಮ ರಜ ಹಾಕಿದಳು. ಯಜಮಾನರನ್ನು ಕರೆದುಕೊಂಡು ಸಂಸ್ಥೆಗೆ ಹೋದಳು. ಬೋರ್ಡಣ್ಣನೂ ಜೊತೆಗಿದ್ದ. ಅವಳು ಕೇಳಿದ ಪ್ರಶ್ನೆಗಳಿಗೆ ಅಲ್ಲಿನ ಗುಮಾಸ್ತರು ಎರಡು ಸಲ ನೀರು ಕುಡಿದರು. ಬಡ್ಡಿ ಎಷ್ಟು, ಒಂದು ಕಂತು ತಪ್ಪಿದರೆ ಏನು, ಜಾಮೀನಿಲ್ಲದೆ ಕೊಡುವ ಸಾಲ ಇದೆಯೇ? ಇತ್ತು. ಒಲೆಯನ್ನೇ ಅಡಮಾನವಾಗಿಟ್ಟು ಕೊಡುವ ಸಾಲ. ಕಟ್ಟದಿದ್ದರೆ ಸಂಸ್ಥೆ ಒಲೆಯನ್ನು ಮಾರಿ ವಸೂಲು ಮಾಡಿಕೊಳ್ಳುತ್ತದೆ, ಬೇರೆಯವರ ಮನೆಗೆ ಕೈ ಹಾಕುವುದಿಲ್ಲ. ಮೊತ್ತ ಕಡಿಮೆ, ಹಾಗಾಗಿ ಇನ್ನೂರರ ಬದಲು ನೂರಿಪ್ಪತ್ತು ಬ್ರೆಡ್ಡಿನ ಒಲೆ. ಯಜಮಾನರು ಪ್ರತಿಯೊಂದು ಪುಟವನ್ನೂ ಓದಿಸಿ ಕೇಳಿದರು, ನಕಲು ಕೈಗೆ ಬರುವವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ.

ಹೊಸ ಒಲೆ ಬಂದ ದಿನ ಅದನ್ನು ಒಳಗೆ ಸಾಗಿಸಲು ಬೋರ್ಡಣ್ಣನೂ ಭುಜ ಕೊಟ್ಟ. ಕೆಲಸ ಮುಗಿದು ಇಬ್ಬರೂ ಬೇಕರಿ ಮೆಟ್ಟಿಲ ಮೇಲೆ ಕೂತು ಟೀ ಕುಡಿಯುವಾಗ, ಎದೆಯೊಳಗೆ ಕುಳಿತಿದ್ದ ಮಾತನ್ನು ಕೇಳಿಯೇಬಿಟ್ಟ. "ನಿಮ್ಮ ಋಣ ಹೇಗೆ ತೀರಿಸಲಿ ಯಜಮಾನ್ರೇ? ಹೇಳಿಬಿಡಿ."

ಯಜಮಾನರು ಲೋಟ ಕೆಳಗಿಟ್ಟರು.

"ತೀರಿಸಬೇಡ ಕಣೋ. ತೀರಿಸಿಬಿಟ್ರೆ ನಾಳೆ ಬೆಳಿಗ್ಗೆ ಇಲ್ಲಿ ಬಂದು ಕೂರೋರು ಯಾರು?"

ಓದುತ್ತಿರುವ ಅಕ್ಕ, ಕೇಳುತ್ತಿರುವ ಅಣ್ಣ, ಈಗ ಮಾತು ನಿಮ್ಮ ಕಡೆಗೆ. ನಾಳೆ ನಿಮ್ಮ ಬಾಗಿಲಿಗೂ ಯಾರಾದರೂ ಬಂದು "ಒಂದು ರುಜು ತಾನೆ" ಎನ್ನಬಹುದು. ಬಂದವರು ನಿಮ್ಮ ಪ್ರೀತಿಯವರೇ ಆಗಿರುತ್ತಾರೆ, ಬೇರೆಯವರು ಯಾಕೆ ಬಂದಾರು? ಆಗ ಕೂರಿಸಿ ಟೀ ಕೊಡಿ. ಪೆನ್ನು ಮಾತ್ರ ಮುಟ್ಟಬೇಡಿ. ಇದು ಕಡವೋ, ಸಾಲವೋ, ಜಾಮೀನೋ ಎಂದು ಬಾಯಿಬಿಟ್ಟು ಕೇಳಿ. ಕಾಗದವನ್ನು ಮನೆಯಲ್ಲಿಟ್ಟುಕೊಂಡು ಎರಡು ದಿನ ನೋಡಿ. ಸಣ್ಣ ಅಕ್ಷರವನ್ನು ಮೊದಲು ಓದಿ. ಓದಲು ಬಾರದಿದ್ದರೆ ನಂಬಿಕೆಯವರಿಂದ ಓದಿಸಿ, ಅದರಲ್ಲಿ ನಾಚಿಕೆ ಏನಿದೆ? ಮನೆಯಲ್ಲಿ ನಿಮ್ಮ ಜೊತೆ ದುಡಿದವರನ್ನು ಕೇಳದೆ ಮನೆಯ ಮೇಲೆ ರುಜು ಹಾಕಬೇಡಿ. ರುಜು ಹಾಕಲೇಬೇಕಾದರೆ, ಆ ಸಾಲವನ್ನು ಪೂರ್ತಿ ನಾನೇ ಕಟ್ಟಬಲ್ಲೆನೇ ಎಂದು ಲೆಕ್ಕ ಹಾಕಿ, ಕಟ್ಟಬಲ್ಲೆ ಎಂದಾದರೆ ಮಾತ್ರ ಹಾಕಿ, ನಕಲು ಇಸಿದುಕೊಳ್ಳಿ. ಆಗುವುದಿಲ್ಲ ಎನ್ನಿಸಿದರೆ ಇವತ್ತೇ ಹೇಳಿ. ಇವತ್ತು ಹೇಳಿದರೆ ಒಂದು ಸಂಜೆಯ ಮುನಿಸು. ನೋಟೀಸು ಬಂದ ಮೇಲೆ ಹೇಳಿದರೆ ಮನೆಯೂ ಹೋಗುತ್ತದೆ, ಸ್ನೇಹವೂ ಹೋಗುತ್ತದೆ.

ನಿಮಗೆ ಒಳ್ಳೆಯದು ಮಾಡಿದವರನ್ನು ಜನ್ಮವಿಡೀ ನೆನೆಯಿರಿ. ಅದಕ್ಕೆ ಯಾರ ರುಜುವೂ ಬೇಕಾಗಿಲ್ಲ.